ಊಟದ ಮೇಜಿನ ಮರ್ಯಾದೆ

ಸತ್ತವರು ಕೊನೆಯದೊಂದು ಊಟಕ್ಕೆ ಎದ್ದು ಬರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಹಾಗೆ ಕ್ರಿಸ್‌ಮಸ್ ಊಟಕ್ಕೆ ಬಂದು ಕೂತ ಸರ್ ಮಾರ್ಟಿಮರ್, ತಮ್ಮ ಕೊಲೆಯನ್ನು ತನಿಖೆ ಮಾಡುತ್ತಿದ್ದ ಪತ್ತೇದಾರನನ್ನು ಕಂಡು ಮೂಗು ಮುರಿದರು. ಈ ಮಹಾಪಂಡಿತ ಅಡುಗೆಯವಳನ್ನು ವಿಚಾರಿಸಿದ, ಅಳಿಯನನ್ನು ವಿಚಾರಿಸಿದ, ನಾಯಿಯ ಹೆಜ್ಜೆಯನ್ನೂ ಅಳೆದ. ಸತ್ತವರನ್ನೇ ಕೇಳುವುದು ಮಾತ್ರ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಅಸಭ್ಯತೆ.

"ನನ್ನನ್ನೂ ಒಂದು ಮಾತು ಕೇಳಬಾರ್ದೇನಯ್ಯಾ?" ಎಂದರು.

"ಊಟದ ಹೊತ್ನಲ್ಲಿ ಅದೆಲ್ಲ ಯಾಕ್ರೀ?" ಎಂದು ಹೆಂಡತಿ ಗದರಿದಳು.

"ಪುಡಿಂಗ್ ಆಗ್ಲಿ, ಕೊಲೆಗಾರರ ಹೆಸರು ನಾನೇ ಹೇಳ್ತೀನಿ," ಎಂದು ಪತ್ತೇದಾರ ಬೀಗಿದ.

ಬೆಳಿಗ್ಗೆ ಗಂಡನಿಗೆ ಕುಡಿಸಿದ ಅದೇ ಶೀಸೆಯಿಂದ ಅವಳು ಪತ್ತೇದಾರನ ಲೋಟಕ್ಕೂ ವೈನ್ ಸುರಿದಳು. ಅವನು ಲೋಟ ಎತ್ತಿ ಭಾಷಣ ಶುರುಮಾಡಿದ.

ಸರ್ ಮಾರ್ಟಿಮರ್ ಬಾಯಿ ತೆರೆದವರು ಸುಮ್ಮನೆ ಮುಚ್ಚಿಕೊಂಡರು. ಅತಿಥಿಯ ಮಾತಿನ ನಡುವೆ ಬಾಯಿ ಹಾಕುವುದೂ ಅಸಭ್ಯತೆಯೇ.