ಸ್ವರ ಇಡುವ ಜಾಗ

ಗೋದಾವರಿ ಟೀಚರು ಟೈಪ್ ಮಾಡಿ ಎಂಟರ್ ಒತ್ತಿದರು. ಸ್ಪೀಕರು ತುಟಿಪಿಟಕ್ಕೆನ್ನಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಪಾಪ, ಕೆಮ್ಮನ್ನೂ ತಡೆದುಕೊಂಡು ಕಾದರು.

ಗಂಟಲಿನ ಆಪರೇಷನ್ನಿನಲ್ಲಿ ಟೀಚರ ಸ್ವರ ಪೂರ್ತಿ ಹೋಗಿತ್ತು. ರಾಮಕುಂಜದ ಆ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಚಿನ್ಮಯೀ, ಬರೆದದ್ದನ್ನು ಓದಿ ಹೇಳುವ ಪ್ರೋಗ್ರಾಮೊಂದನ್ನು ಅವರಿಗಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಡಿಕೊಟ್ಟಿದ್ದಳು. ಟೈಪ್ ಮಾಡಿದ ಮಾತು ಧ್ವನಿಯ ಫೈಲಾಗಿ, ಅವಳು ಹೆಸರು ಬರೆದಿಟ್ಟ ತಾತ್ಕಾಲಿಕ ಫೋಲ್ಡರೊಂದರಲ್ಲಿ ಕೂತು, ಕೇಳಿಸಿ, ಅಳಿದುಹೋಗಬೇಕು. ಅವಳ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದು ಅರಳು ಹುರಿದಂತೆ ಮಾತಾಡಿತ್ತು. ಕ್ಲಾಸಿನ ವಿಂಡೋಸ್ ಕಂಪ್ಯೂಟರ್ ಮಾತ್ರ ಅಂಥ ಫೋಲ್ಡರೇ ಇಲ್ಲ ಎಂದು ಕೈಚೆಲ್ಲಿತು.

ಹೆಡ್‌ಮಾಸ್ಟರ್ ವಿಷ್ಣುಪ್ರಸಾದರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಇವತ್ತಿನ ಪಾಠ ನಡೆಯದಿದ್ದರೆ ಟೀಚರು ಲೈಬ್ರರಿಗೆ, ಕನ್ನಡಕ್ಕೆ ಬೇರೆಯವರು ಎಂದು ಮೊದಲೇ ಹೇಳಿಬಿಟ್ಟಿದ್ದರು. ಕೆಟ್ಟವರಲ್ಲ, ಪರೀಕ್ಷೆ ಹತ್ತಿರ ಬಂದಿತ್ತು.

ಚಿನ್ಮಯೀ ಓಡಿ ಬಂದು, ಆ ಹೆಸರಿನ ಫೋಲ್ಡರನ್ನೇ ಇಲ್ಲಿ ಮಾಡಿಬಿಟ್ಟರಾಯಿತು ಎಂದಳು. ಟೀಚರು ಅವಳ ಕೈ ಹಿಡಿದು ನಿಲ್ಲಿಸಿ, ಬೋರ್ಡಿನ ಮೇಲೆ ದುಂಡಗೆ ಬರೆದರು: "ಒಂಬತ್ತನೇ ಕ್ಲಾಸಿನ ಕಂಪ್ಯೂಟರಿನಲ್ಲಿ ಏನು ಮಾಡುವುದು?" ಈ ಕ್ಲಾಸೇ ಕೈತಪ್ಪುವ ಹೊತ್ತಿನಲ್ಲೂ ಅವರಿಗೆ ಮುಂದಿನ ಕ್ಲಾಸಿನ ಚಿಂತೆ. ಇಂಥವರ ಕೈಯಲ್ಲಿ ಕಲಿಯುವ ಮಕ್ಕಳು ಪುಣ್ಯ ಮಾಡಿದವರೇ ಸರಿ.

ಚಿನ್ಮಯೀ ಹಣೆ ಚಚ್ಚಿಕೊಂಡಳು. "ನನ್ನದೇ ತಪ್ಪು ಟೀಚರ್. ಮದುವೆ, ಮುಂಜಿ ಅಂತ ಜಂಬ್ರದ ಮನೆಗೆ ಸಹಾಯಕ್ಕೆ ಹೋದವರು ತರಕಾರಿ ಬುಟ್ಟಿ ಎಲ್ಲಿ ಇಡುದು ಅಂತ ಮನೆಯವರಲ್ಲಿ ಕೇಳುದಲ್ವಾ? ನಾನು ಕೇಳ್ಲೇ ಇಲ್ಲ. ನಮ್ಮನೆಯಲ್ಲಿ ಇಡುವ ಜಾಗವನ್ನೇ ಇಲ್ಲಿಯೂ ಹುಡುಕ್ಲಿಕ್ಕೆ ಹೇಳಿದ್ದೇನೆ."

ಫೋಲ್ಡರಿನ ಹೆಸರನ್ನು ಅಳಿಸಿ, ತಾತ್ಕಾಲಿಕ ಫೈಲುಗಳಿಗೆ ನಿನ್ನಲ್ಲಿ ಜಾಗ ಎಲ್ಲಿ ಎಂದು ಆಯಾ ಕಂಪ್ಯೂಟರನ್ನೇ ಕೇಳುವ ಸಾಲೊಂದನ್ನು ಬರೆದಳು. ಪೈಥಾನಿನಲ್ಲಿ ಆ ಸೌಕರ್ಯ ಮೊದಲಿನಿಂದಲೂ ಇತ್ತು, ಕೇಳುವವರು ಬೇಕಿತ್ತು ಅಷ್ಟೆ. ಅಷ್ಟರಲ್ಲಿ ವಿಷ್ಣುಪ್ರಸಾದರು ತಾಳ್ಮೆಗೆಟ್ಟು, ನಾಳೆಯಿಂದ ಬರಲಾಗುತ್ತದೆಯೇ ಎಂದು ಪುತ್ತೂರಿನ ಟೀಚರೊಬ್ಬರಲ್ಲಿ ಫೋನಿನಲ್ಲಿ ಪಿಸುಗುಡುತ್ತಿದ್ದರು.

ಗೋದಾವರಿ ಟೀಚರು ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಟೈಪ್ ಮಾಡಿ, ಎಂಟರ್ ಒತ್ತಿದರು.

"ಹಿಂದಿನ ಬೆಂಚಿನಲ್ಲಿ ಮಾತಾಡುವವರು ಯಾರು? ಎದ್ದು ನಿಲ್ಲಿ," ಎಂದಿತು ಸ್ಪೀಕರು.

ವಿಷ್ಣುಪ್ರಸಾದರು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಎದ್ದು ನಿಂತರು.