ಸದ್ದಿಲ್ಲದ ಹೆಸರು

ಉಚ್ಚಂಗಮ್ಮ ತುಟಿಯಲ್ಲೇ 'ರೀ' ಎಂದು ಗಂಡನನ್ನು ಕರೆದಳು. ಕಂಪ್ಯೂಟರ್ ಸುಮ್ಮನಿತ್ತು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ದನಿಯಿಲ್ಲ. ಈಗ ಅವಳ ಕೆನ್ನೆಗೂ ಗದ್ದಕ್ಕೂ ಅಂಟಿಸಿದ್ದ ವೈರುಗಳು ಸ್ನಾಯುಗಳ ಮಿಡಿತ ಹಿಡಿದು ಕಂಪ್ಯೂಟರಿಗೆ ಮುಟ್ಟಿಸುತ್ತಿದ್ದವು. ಅದು ಮಗಳು ಸಮತಾಳ ಇಂಜಿನಿಯರಿಂಗ್ ಪ್ರಾಜೆಕ್ಟು. ಶಿವಮೊಗ್ಗದ ಕಾಲೇಜಿನಿಂದ ಜನ್ನಾಪುರದ ಮನೆಗೆ ಹೊತ್ತು ತಂದಿದ್ದಳು. 'ನೀರು', 'ಊಟ' ಎಂದರೆ ಅದಕ್ಕೆ ಚೆನ್ನಾಗಿ ತಿಳಿಯುತ್ತಿತ್ತು.

"ರೀ ತುಂಬಾ ಚಿಕ್ಕದಾಯ್ತಮ್ಮ, ಇದಕ್ಕೆ ಸಿಕ್ತಿಲ್ಲ. ಅಪ್ಪನ ಹೆಸ್ರೇ ಹೇಳು."

ಉಚ್ಚಂಗಮ್ಮ ಕೆನ್ನೆ ಬಡಿದುಕೊಳ್ಳಲು ಹೋದಳು. ವೈರು ಅಡ್ಡ ಬಂತು. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ.

"ಸದ್ದೇ ಬರಲ್ವಲ್ಲಮ್ಮ, ಯಾರಿಗ್ ಕೇಳುತ್ತೆ?"

ಆ ಮಾತು ಅವಳಿಗೆ ಒಪ್ಪಿಗೆಯಾಯಿತು. ಯಂತ್ರ ಕಲಿಯುವವರೆಗೂ ಹೇಳುತ್ತಲೇ ಇರಬೇಕಿತ್ತು; ಬಾಗಿಲ ಕಡೆ ಕಣ್ಣಿಟ್ಟು ಮಧ್ಯಾಹ್ನವೆಲ್ಲ ತುಟಿಯಲ್ಲೇ ಹೇಳಿದಳು. ಕೊನೆಗೂ ಸ್ಪೀಕರ್, ಸಮತಾ ರೆಕಾರ್ಡ್ ಮಾಡಿಟ್ಟಿದ್ದ ತನ್ನದೇ ದನಿಯಲ್ಲಿ, ಜೋರಾಗಿ ಕೂಗಿತು: "ಚೌಡಯ್ಯ!"

ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ ಚೌಡಯ್ಯ ಒಳಗೆ ಬಂದ. "ಏನೇ, ಅಪ್ಪನ್ನೇ ಹೆಸ್ರು ಹಿಡಿದು ಕೂಗ್ತೀಯಾ?"

"ನಾನಲ್ಲಪ್ಪ. ಅಮ್ಮ."

ಅವನು ಹೆಂಡತಿಯತ್ತ ತಿರುಗಿದ. ಅವಳು ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚೌಡಯ್ಯ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವಳೆದುರು ಕೂತ.

"ಇನ್ನೊಂದ್ ಸಲ ಕರಿ, ನೋಡಣ."

ಆಗುವುದಿಲ್ಲವೆಂದು ಅವಳು ಕೈಯಾಡಿಸಿದಳು. ಬಾಯಿಗೆ ಹಿಡಿದ ಸೆರಗು ಅಲುಗಲೂ ಇಲ್ಲ.

"ಚೌಡಯ್ಯ," ಎಂದಿತು ಸ್ಪೀಕರ್.