ಹನ್ನೆರಡರೊಳಗೆ ಮುಖ ತೋರಿಸಿ

ಪಂಕಜಾಕ್ಷಿ ಏದುಸಿರು ಬಿಡುತ್ತ ಮೊಬೈಲ್ ರಿಪೇರಿ ಅಂಗಡಿಗೆ ನುಗ್ಗಿದಾಗ ಮಧ್ಯಾಹ್ನ ಹನ್ನೆರಡಕ್ಕೆ ಐದೇ ನಿಮಿಷವಿತ್ತು. ದಿನವೂ ಹನ್ನೆರಡರೊಳಗೆ ತನ್ನ ಮಾಲೀಕರ ಮುಖ ಕಾಣದಿದ್ದರೆ, ಅವರು ತೀರಿಕೊಂಡರೆಂದು ಫೋನೇ ಸರ್ಕಾರಕ್ಕೆ ತಿಳಿಸಿಬಿಡುತ್ತಿತ್ತು. ಅದನ್ನು ಆಮೇಲೆ ಯಾರೂ ತಿದ್ದುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಹೆಣದ ಗಾಡಿ ಬಾಗಿಲಿಗೆ ಬರುತ್ತಿತ್ತು; ಬಂದ ಗಾಡಿ ಖಾಲಿ ಹಿಂತಿರುಗುತ್ತಿರಲಿಲ್ಲ.

“ನಿನ್ನೆ ತಾನೇ ತಂದಿದ್ದು ಇಲಿಯಾಸಣ್ಣ, ಮುಖಾನೇ ಗುರುತು ಹಿಡೀತಿಲ್ಲ. ಆಫ್ ಮಾಡಿ ಆನ್ ಮಾಡ್ದೆ, ಚಾರ್ಜಿಗೂ ಹಾಕ್ದೆ.” ಅವಳು ಫೋನನ್ನು ಅವನ ಕೈಗೆ ತುರುಕಿದಳು.

ಇಲಿಯಾಸ್ ಫೋನನ್ನು ಬೆಳಕಿಗೆ ಹಿಡಿದು ನಕ್ಕ. “ಪೂಜೆ ಮಾಡಿದ್ರಾ ಅಕ್ಕಾ? ಕುಂಕುಮ ಸರಿಯಾಗಿ ಕ್ಯಾಮೆರಾ ಮೇಲೇ ಕೂತಿದೆ.”

ಬಟ್ಟೆಯಿಂದ ಒರೆಸಿ ಅವಳ ಮುಖದ ಮುಂದೆ ಹಿಡಿದ. “ನಮಸ್ಕಾರ, ಪಂಕಜಾಕ್ಷಿ,” ಎಂದಿತು ಫೋನು.

ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ನೆನಪಾಯಿತು: ನಿನ್ನೆ ತಂದದ್ದು ಎರಡು ಫೋನು. ಅತ್ತೆಯದಕ್ಕೂ ಅವಳೇ ಬೊಟ್ಟಿಟ್ಟಿದ್ದಳು. ಹೊರಡುವಾಗ ಅತ್ತೆ ಮನೆಯಲ್ಲಿ ಒಬ್ಬರೇ ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಅತ್ತೆಯ ನಂಬರು ಒತ್ತಿದಳು. ಗೋಡೆ ಗಡಿಯಾರ ಹನ್ನೆರಡು ಬಾರಿಸಿತು. ರಿಂಗ್ ನಿಂತು, ಆ ಕಡೆಯಿಂದ ಮೃದುವಾದ ಅಪರಿಚಿತ ದನಿಯೊಂದು ಕೇಳಿಸಿತು: “ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.”